ಬೈಕ್ ಪ್ರಶ್ನೋತ್ತರ: ಮಲೆನಾಡಿನ ದಾರಿಗೆ ಮಧ್ಯಮ ತೂಕದ ಅಡ್ವೆಂಚರ್ ಬೈಕ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಕೇಳಿರುವುದೂ ಹೆಚ್ಚುಕಮ್ಮಿ ಒಂದೇ ಜಾತಿಯ ಬೈಕ್ ಬಗ್ಗೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇಡೀ ಅಂಕಣವನ್ನು ಡಾಂಬರು, ಕಚ್ಚಾ ದಾರಿ ಎರಡಕ್ಕೂ ಆಗುವ ಅಡ್ವೆಂಚರ್ ಬೈಕ್‌ಗೇ ಕೊಟ್ಟಿದ್ದೇವೆ.

ಪ್ರಶ್ನೆ: ಸರ್, ದಿನಾ ತೋಟಕ್ಕೆ ನಾಲ್ಕು ಕಿ.ಮೀ. ಮಣ್ಣುರಸ್ತೆ, ತಿಂಗಳಿಗೆ ಎರಡು ಸಲ ಬೆಂಗಳೂರು. ಹತ್ತು ಲಕ್ಷ ಹಾಕಿ 800 ಸಿಸಿ ಅಡ್ವೆಂಚರ್ ಬೈಕ್ ತರೋಣ ಅಂತ ನನ್ನ ಆಸೆ. ಮಗ 450 ಸಾಕು ಅನ್ನುತ್ತಾನೆ. ಎರಡನ್ನೂ ‘ಮಿಡ್ಲ್‌ವೇಟ್’ ಅಂತಲೇ ಕರೆಯುತ್ತಾರಲ್ಲ, ಯಾವುದು ಸರಿ?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಗೊಂದಲ ಇರುವುದು ಹೆಸರಿನಲ್ಲಿ. ಯೂರೋಪಿನಲ್ಲಿ ಮಧ್ಯಮ ತೂಕ ಅಂದರೆ ಸುಮಾರು 650ರಿಂದ 900 ಸಿಸಿ. ಅವರಲ್ಲಿ ಅದರ ಮೇಲೆ 1,200–1,300 ಸಿಸಿಯ ದೊಡ್ಡ ವರ್ಗವೇ ಇದೆ. ನಮ್ಮಲ್ಲಿ ಮನೆಮನೆಯಲ್ಲಿರುವುದು 100–125 ಸಿಸಿ, ಹಾಗಾಗಿ 390ರಿಂದ 500ರವರೆಗಿನದ್ದೇ ಮಧ್ಯಮ ಆಯಿತು. ಹೆಸರು ಬಿಟ್ಟು ತೂಕ ನೋಡಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಒಂದೇ ಸಿಲಿಂಡರಿನ 452 ಸಿಸಿ, 40 ಪಿಎಸ್ (ಹೆಚ್ಚುಕಮ್ಮಿ ಅಶ್ವಶಕ್ತಿಯಷ್ಟೇ), 196 ಕೆಜಿ. ಹೋಂಡಾ ಎನ್‌ಎಕ್ಸ್500 ಎರಡು ಸಿಲಿಂಡರಿನ 471 ಸಿಸಿ, ತೂಕ ಹೆಚ್ಚುಕಮ್ಮಿ ಅಷ್ಟೇ. ಹೋಂಡಾ ಟ್ರಾನ್ಸಾಲ್ಪ್ 750 ಸುಮಾರು 208 ಕೆಜಿ, ಸುಜುಕಿ ವಿ-ಸ್ಟ್ರಾಮ್ 800ಡಿಇ 232 ಕೆಜಿ.

450ಕ್ಕೂ 800ಡಿಇಗೂ ನಡುವಿನ ಈ 36 ಕೆಜಿ ಓಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಕಾಡುವುದು ನಿಂತಾಗ: ಗೇಟಿನ ಮುಂದೆ ಏರಿನಲ್ಲಿ ತಿರುಗಿಸುವಾಗ, ಜೀಪಿನ ಚಕ್ರ ಕೊರೆದ ಕಾಲುವೆಯಿಂದ ಹೊರಗೆ ಎಳೆಯುವಾಗ, ಪಾಚಿ ಹಿಡಿದ ಸಿಮೆಂಟ್ ಇಳಿಜಾರಿನಲ್ಲಿ ಕಾಲು ಜಾರಿದಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ತಾಲ್ಲೂಕಿನ ತೋಟದ ರಸ್ತೆಯಲ್ಲಿ ವಾರಕ್ಕೊಮ್ಮೆಯಾದರೂ ಇಂಥ ಗಳಿಗೆ ಬರುತ್ತದೆ. ಆಳು ಸಿಗದ ಕಡೆ ಬಿದ್ದ ಬೈಕನ್ನು ಒಬ್ಬರೇ ಎತ್ತಬೇಕು. 200 ಕೆಜಿ ಆಸುಪಾಸಿನದನ್ನು ವಿಧಾನ ಗೊತ್ತಿದ್ದರೆ ಎತ್ತಬಹುದು, ಅದರಾಚೆ ಹೋದ ಒಂದೊಂದು ಹತ್ತು ಕೆಜಿಯೂ ಬೇರೆಯೇ ಲೆಕ್ಕ.

ಈ ವರ್ಗದ ಆಕರ್ಷಣೆಯ ಮೂಲವೂ ಇದೇ ತೂಕ. 1980ರಲ್ಲಿ ಬಿಎಂಡಬ್ಲ್ಯು ಹೊರತಂದ ಆರ್ 80 ಜಿ/ಎಸ್ ದೊಡ್ಡ ಅಡ್ವೆಂಚರ್ ಬೈಕ್‌ಗಳಿಗೆಲ್ಲ ಮೂಲಪುರುಷ. 800 ಸಿಸಿ, 50 ಅಶ್ವಶಕ್ತಿ, 190 ಕೆಜಿಯೊಳಗೆ. 1981ರ ಪ್ಯಾರಿಸ್–ಡಕಾರ್ ಮರುಭೂಮಿ ಓಟ ಗೆದ್ದದ್ದು ಅದೇ ಬೈಕಿನ ರ‍್ಯಾಲಿ ರೂಪ. ಅದೇ ಮನೆತನದ ಇಂದಿನ ಆರ್ 1300 ಜಿಎಸ್ 237 ಕೆಜಿ. ಅಂದರೆ ಕಚ್ಚಾ ರಸ್ತೆಗೆ ಅಂತ ಹುಟ್ಟಿದ ಜಾತಿ ನಲವತ್ತು ವರ್ಷಗಳಲ್ಲಿ ಹೆದ್ದಾರಿಯ ಕಡೆಗೆ ದಪ್ಪವಾಗುತ್ತ ಹೋಯಿತು. ಈಗ ಜನ ಮತ್ತೆ 200 ಕೆಜಿ ಕಡೆಗೆ ಬರುತ್ತಿದ್ದಾರೆ. ಅದರಲ್ಲಿ ಅರ್ಥವಿದೆ.

ಬೆಂಗಳೂರಿನ ಲೆಕ್ಕ ಹೇಳುತ್ತೇವೆ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ. ನಾಲ್ಕು ಪಥದ ರಸ್ತೆ. 2018ರ ಕೇಂದ್ರ ಅಧಿಸೂಚನೆಯಂತೆ ಅಂಥ ರಸ್ತೆಯಲ್ಲಿ ದ್ವಿಚಕ್ರ ವಾಹನದ ಗರಿಷ್ಠ ವೇಗ 80 ಕಿ.ಮೀ. ಆ ವೇಗದಲ್ಲಿ 40 ಪಿಎಸ್ ಎಂಜಿನ್ ಟಾಪ್ ಗೇರಿನಲ್ಲಿ ನೆಮ್ಮದಿಯಾಗಿ ಓಡುತ್ತದೆ, ಲಾರಿ ಹಿಂದಿಕ್ಕಲು ಬೇಕಾದ ಶಕ್ತಿಯೂ ಉಳಿದಿರುತ್ತದೆ. ಒಂಟಿ ಸಿಲಿಂಡರಿನ ನಡುಕ ಹ್ಯಾಂಡಲ್‌ನಲ್ಲಿ, ಫುಟ್‌ರೆಸ್ಟ್‌ನಲ್ಲಿ ಜೋರಾಗುವುದು ನೂರು ದಾಟಿದ ಮೇಲೆ. 800ಡಿಇಯ 84 ಪಿಎಸ್‌ನ ಬಹುಪಾಲನ್ನು ನೀವು ಯಾವತ್ತೂ ಮುಟ್ಟುವುದಿಲ್ಲ. ಇನ್ನು ಹತ್ತು ಲಕ್ಷದ ಶೋರೂಂ ಬೆಲೆ ಆನ್‌ರೋಡ್ ಆಗುವಾಗ ಹನ್ನೆರಡು ದಾಟುತ್ತದೆ.

ನಿಮ್ಮ ಮಗ ಹೇಳಿದ್ದು ಸರಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ವರ್ಷಕ್ಕೆ ಹತ್ತಾರು ಸಾವಿರ ಕಿ.ಮೀ. ಬರೀ ಡಾಂಬರಿನಲ್ಲೇ ಓಡಿಸುವವರಾದರೆ ಮಾತ್ರ ಎರಡು ಸಿಲಿಂಡರಿನ ದೊಡ್ಡ ಬೈಕ್ ತನ್ನ ದುಡ್ಡಿಗೆ ಲಾಯಕ್ಕಾದ ಕೆಲಸ ಮಾಡುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಎತ್ತರ 160 ಸೆಂ.ಮೀ. ಹತ್ತು ವರ್ಷದಿಂದ ಗೇರಿನ ಬೈಕ್ ಓಡಿಸುತ್ತಿದ್ದೇನೆ. ಅಡ್ವೆಂಚರ್ ಬೈಕಿನ ಸೀಟ್ ಎತ್ತರ ನೋಡಿ ಭಯ. ಸಸ್ಪೆನ್ಷನ್ ತಗ್ಗಿಸಿಕೊಡುತ್ತೇವೆ ಅಂತ ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಲೇ?
– ಉಪನ್ಯಾಸಕಿ, ಹಾಸನ

ಉತ್ತರ: ಮಾಡಿಸಬೇಡಿ ಮೇಡಂ, ಅದು ಕೊನೆಯ ದಾರಿ. ಮೊದಲು ಒಂದು ಅಳತೆ ತೆಗೆಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ಕಾಲುಗಳ ಸಂದಿಯಲ್ಲಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ನಿಮ್ಮ ಎತ್ತರಕ್ಕೆ ಅದು 73 ಸೆಂ.ಮೀ. ಆಸುಪಾಸು ಇರಬಹುದು. ಶೂ ಅಡಿ 3 ಸೆಂ.ಮೀ. ಸೇರಿಸಿದರೆ 76. ಸೀಟ್ ಎತ್ತರ 825 ಮಿ.ಮೀ. ಅಂತ ಕಂಪನಿ ಬರೆಯುವುದು ಯಾರೂ ಕೂರದ ಬೈಕಿನದ್ದು. ನೀವು ಕೂತಾಗ ಶಾಕ್ 30–40 ಮಿ.ಮೀ. ಕುಸಿಯುತ್ತದೆ, ಅಂದರೆ ಉಳಿಯುವುದು 79 ಸೆಂ.ಮೀ. ಮೂರು ಸೆಂ.ಮೀ. ವ್ಯತ್ಯಾಸ. ಹಿಮ್ಮಡಿ ಊರುವುದಿಲ್ಲ, ಎರಡೂ ಕಾಲಿನ ಮುಂಗಾಲು ಊರುತ್ತದೆ. ಗೇರ್ ಬೈಕ್ ಅನುಭವ ಇರುವವರಿಗೆ ಅಷ್ಟು ಸಾಕು.

ಸೀಟಿನ ಎತ್ತರದಷ್ಟೇ ಅದರ ಅಗಲವೂ ಮುಖ್ಯ. ಟ್ಯಾಂಕಿನ ಹತ್ತಿರ ಸೀಟ್ ಸಪೂರ ಇದ್ದರೆ ಕಾಲು ನೇರ ಕೆಳಗಿಳಿಯುತ್ತದೆ. ಅಗಲ ಇದ್ದರೆ ತೊಡೆ ಹೊರಕ್ಕೆ ತಳ್ಳಿ ಎರಡು ಸೆಂ.ಮೀ. ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಕಾಗದದ ಮೇಲಿನ ಅಂಕಿ ನಂಬದೆ ಶೋರೂಂನಲ್ಲಿ ಕೂತೇ ನೋಡಿ. ಹಿಮಾಲಯನ್ 450ರ ಸೀಟನ್ನು 825 ಮತ್ತು 845 ಮಿ.ಮೀ. ಎರಡು ಮಟ್ಟದಲ್ಲಿ ಇಡಬಹುದು, ಕಂಪನಿಯದ್ದೇ 805ರ ತಗ್ಗು ಸೀಟೂ ಇದೆ. ಅಂಥ ಸೀಟ್ ಸಿಗುವ ಬೈಕಿಗೆ ಮೊದಲ ಆದ್ಯತೆ ಕೊಡಿ.

ಹಿಂದಿನ ಸಸ್ಪೆನ್ಷನ್ ತಗ್ಗಿಸುವ ಲಿಂಕ್ ಪ್ಲೇಟ್ ಹಾಕಿಸಿದರೆ ಏನಾಗುತ್ತದೆ ಅಂದರೆ: ಹಿಂಭಾಗ ಮಾತ್ರ 20–25 ಮಿ.ಮೀ. ಕೆಳಗಿಳಿದು ಮುಂಭಾಗ ಎತ್ತರವೇ ಉಳಿಯುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಸೋಮಾರಿಯಾಗುತ್ತದೆ. ಬೈಕಿನ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ. ಸೈಡ್ ಸ್ಟ್ಯಾಂಡ್ ಉದ್ದ ಮಾತ್ರ ಹಳೆಯದೇ, ಹಾಗಾಗಿ ಬೈಕ್ ನೆಟ್ಟಗೆ ನಿಂತು ಸ್ವಲ್ಪ ತಳ್ಳಿದರೂ ಬಲಕ್ಕೆ ಉರುಳುತ್ತದೆ. ಸ್ಟ್ಯಾಂಡ್ ಕತ್ತರಿಸಿ ಬೆಸೆಯುವವರೆಗೆ ಈ ಕಾಟ ನಿಲ್ಲದು.

ನಿಲ್ಲಿಸುವ ಅಭ್ಯಾಸ ಬದಲಿಸಿಕೊಳ್ಳಿ. ಒಂದೇ ಕಾಲು ಊರಿದರೆ ಸಾಕು: ನಿಲ್ಲುವ ಮೊದಲೇ ಸೀಟಿನಲ್ಲಿ ಸ್ವಲ್ಪ ಎಡಕ್ಕೆ ಸರಿದು ಎಡಗಾಲು ಪೂರ್ತಿ ಊರಿ, ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರಲಿ. ನಿಲ್ಲುವ ಜಾಗದಲ್ಲಿ ಎಡಗಡೆ ನೆಲ ತಗ್ಗಾಗಿದ್ದರೆ ಇನ್ನೆರಡು ಅಡಿ ಮುಂದೆ ಹೋಗಿ ನಿಲ್ಲಿ. ಬೈಕ್ ಬೀಳುವುದು ಬಹುಪಾಲು ಈ ಎಡಗಡೆ ತಗ್ಗಿನಲ್ಲೇ.

ಬಿದ್ದರೆ ಎತ್ತುವುದು ಹೀಗೆ. ಕಿಲ್ ಸ್ವಿಚ್ ಒತ್ತಿ, ಕೀ ತೆಗೆಯಿರಿ. ಗೇರಿನಲ್ಲಿರಲಿ, ಉರುಳುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿನ ಅಂಚಿಗೆ ಬೆನ್ನಿನ ಕೆಳಭಾಗ ಆನಿಸಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿಯಿರಿ. ಕೈಯಲ್ಲಿ ಎಳೆಯಬೇಡಿ, ಕಾಲು ನೆಟ್ಟಗೆ ಮಾಡುತ್ತ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡಿ. ಇಳಿಜಾರಿನಲ್ಲಿ ಚಕ್ರಗಳು ಮೇಲ್ಗಡೆಗೆ ಬರುವಂತೆ ಬಿದ್ದಿದ್ದರೆ, ಕ್ರ್ಯಾಶ್ ಗಾರ್ಡ್ ಮೇಲೆ ಗಿರಕಿ ಹೊಡೆಸಿ ಚಕ್ರ ಕೆಳಗಡೆಗೆ ಬರುವಂತೆ ಮಾಡಿಕೊಂಡೇ ಎತ್ತಿ. ಬೈಕ್ ಕೊಂಡ ವಾರದಲ್ಲೇ ಹುಲ್ಲಿನ ಮೇಲೆ ಮಲಗಿಸಿ ಎರಡು ಸಲ ಅಭ್ಯಾಸ ಮಾಡಿಕೊಳ್ಳಿ, ಧೈರ್ಯ ಬರುತ್ತದೆ.

ಪ್ರಶ್ನೆ: 350 ಸಿಸಿ ದಾಟಿದರೆ ತೆರಿಗೆ ತುಂಬಾ ಅನ್ನುತ್ತಾರೆ. ನಿಜಕ್ಕೂ ಎಷ್ಟು ವ್ಯತ್ಯಾಸ? 250ರಲ್ಲಿ ತೃಪ್ತಿಪಡಬೇಕೇ?
– ಸರ್ಕಾರಿ ನೌಕರರು, ಚನ್ನರಾಯಪಟ್ಟಣ

ಉತ್ತರ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ ಶೇ 18, ಅದಕ್ಕೆ ಮೇಲ್ಪಟ್ಟು ಶೇ 40. ಅದಕ್ಕೆ ಮೊದಲು ಸೆಸ್ ಸೇರಿ ಕ್ರಮವಾಗಿ 28 ಮತ್ತು 31 ಇತ್ತು. ತೆರಿಗೆಗೆ ಮುಂಚಿನ ಬೆಲೆ 2.20 ಲಕ್ಷ ಇರುವ 450 ಸಿಸಿ ಬೈಕ್ ಮೊದಲು 2,88,200 ರೂ. ಆಗುತ್ತಿತ್ತು, ಈಗ 3,08,000. ಮೂಲ ಬೆಲೆ 1.60 ಲಕ್ಷದ 250 ಸಿಸಿ ಬೈಕ್ 2,04,800ರಿಂದ 1,88,800ಕ್ಕೆ ಇಳಿಯಿತು. ರಸ್ತೆ ತೆರಿಗೆಯೂ ಬೆಲೆಯ ಮೇಲೆ ಶೇಕಡಾ ಲೆಕ್ಕ ಆದ್ದರಿಂದ ಈ ಅಂತರ ಇನ್ನಷ್ಟು ಬೆಳೆಯುತ್ತದೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 150–350 ಸಿಸಿಗೆ 7,365 ರೂ., 350 ಮೇಲ್ಪಟ್ಟರೆ 15,117 ರೂ., ಜೊತೆಗೆ ಜಿಎಸ್‌ಟಿ.

ಒಬ್ಬರೇ ಓಡಿಸುವವರಿಗೆ, ದಿನದ ಓಡಾಟ 50 ಕಿ.ಮೀ. ಒಳಗಿದ್ದು ಆಗಾಗ ಘಾಟಿ ಇಳಿಯುವವರಿಗೆ 250 ಧಾರಾಳ ಸಾಕು. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 26.5 ಪಿಎಸ್, 167 ಕೆಜಿ. ಆ ಹಗುರತನ ಕೆಸರಿನಲ್ಲಿ ದೊಡ್ಡ ಬಲ. ಹೀರೋ ಎಕ್ಸ್‌ಪಲ್ಸ್ ಬೈಕಿಗೆ ಮುಂದೆ 21 ಇಂಚಿನ ಚಕ್ರ, ಕಚ್ಚಾ ದಾರಿಗೆ ಇವೆರಡರಲ್ಲಿ ಅದೇ ಮೇಲು. ಇಬ್ಬರು ಕೂತು, ಸಾಮಾನು ಹೇರಿ, ಶಿರಾಡಿ ಹತ್ತಿ ಬರುವಾಗ ಮಾತ್ರ 250ರ ಉಸಿರು ಕಟ್ಟುತ್ತದೆ. ಹಿಂದೆ ಯಾರೂ ಕೂರುವುದಿಲ್ಲ ಅಂದರೆ ಹೆಚ್ಚಿನ ಲಕ್ಷ ರೂಪಾಯಿ ಉಳಿಸಿಕೊಳ್ಳಿ.

ಪ್ರಶ್ನೆ: ಬಿಸ್ಲೆ ಕಡೆ ಹೋದಾಗ ಮುಂದಿನ ಚಕ್ರ ಪಂಕ್ಚರ್ ಆದರೆ ಗತಿಯೇನು? ಕಡ್ಡಿ ಚಕ್ರ, ಟ್ಯೂಬ್ ಇರುವ ಬೈಕ್ ನನ್ನದು. ಟ್ಯೂಬ್‌ಲೆಸ್ ಕಿಟ್ ಇಟ್ಟುಕೊಂಡಿದ್ದೇನೆ.
– ಓದುಗರು, ಸಕಲೇಶಪುರ

ಉತ್ತರ: ಆ ಕಿಟ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಮನೆಯಲ್ಲೇ ಬಿಡಿ. ಅದರಲ್ಲಿನ ರಬ್ಬರ್ ಪ್ಲಗ್ ಟೈರಿನ ತೂತು ಮುಚ್ಚುತ್ತದೆ, ಒಳಗಿನ ಟ್ಯೂಬಿನ ತೂತು ಹಾಗೇ ಇರುತ್ತದೆ. ನೀವು ಒಯ್ಯಬೇಕಾದದ್ದು: ಒಂದು 21 ಇಂಚಿನ ಟ್ಯೂಬ್, ಸುಮಾರು 25 ಸೆಂ.ಮೀ. ಉದ್ದದ ಮೂರು ಟೈರ್ ಲಿವರ್, ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗೆ ಕೂರುವ ಸ್ಪ್ಯಾನರ್, ವಾಲ್ವ್ ಬಿಚ್ಚುವ ಕೀ, ಪ್ಯಾಚ್, ಗಮ್, ಪಂಪ್, ಸಣ್ಣ ಬಾಟಲಿಯಲ್ಲಿ ಸೋಪಿನ ನೀರು. 21 ಇಂಚಿನ ಟ್ಯೂಬೇ ಯಾಕೆಂದರೆ ತುರ್ತಿನಲ್ಲಿ ಅದನ್ನು ಮಡಿಸಿ 17 ಇಂಚಿನ ಹಿಂದಿನ ಟೈರಿಗೂ ತುರುಕಿ ನಿಧಾನವಾಗಿ ಪೇಟೆ ಸೇರಬಹುದು. ಹಿಂದಿನದ್ದು ಮುಂದಕ್ಕೆ ಆಗುವುದಿಲ್ಲ.

ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಕೆಳಗಿನ ಗಾರ್ಡ್‌ಗೆ ಕಲ್ಲು ಅಥವಾ ಮರದ ತುಂಡು ಕೊಟ್ಟು ಚಕ್ರ ಎತ್ತಿ. ಚಕ್ರ ಬಿಚ್ಚಿ ವಾಲ್ವ್ ಒಳಕಡ್ಡಿ ತೆಗೆಯಿರಿ. ಟೈರಿನ ಅಂಚನ್ನು ಎರಡೂ ಬದಿಯಲ್ಲಿ ಸುತ್ತಲೂ ಹಿಮ್ಮಡಿಯಿಂದ ತುಳಿದು ರಿಮ್‌ನಿಂದ ಬಿಡಿಸಿ. ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಲಿವರ್ ಹಾಕುವ ಜಾಗದ ಎದುರಿನ ಬದಿಯ ಅಂಚು ರಿಮ್ ಮಧ್ಯದ ಹಳ್ಳದೊಳಗೆ ಇಳಿದಿರಬೇಕು. ಅದು ಇಳಿಯದಿದ್ದರೆ ಎಷ್ಟು ಬಲ ಹಾಕಿದರೂ ಟೈರ್ ಬರುವುದಿಲ್ಲ, ಲಿವರ್ ಬಾಗುತ್ತದೆ. ಮೊಣಕಾಲಿನಿಂದ ಅಲ್ಲಿ ಒತ್ತಿಕೊಂಡು, ಈಚೆ ಐದೈದು ಸೆಂ.ಮೀ. ಅಂತರದಲ್ಲಿ ಎತ್ತುತ್ತ ಬನ್ನಿ. ಒಂದು ಬದಿ ಮಾತ್ರ ಹೊರಗೆ ಬಂದರೆ ಸಾಕು.

ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು, ಮೊಳೆ ಹುಡುಕಿ ಕೀಳಿ. ಇದನ್ನು ಮರೆತರೆ ಹೊಸ ಟ್ಯೂಬ್ ಎರಡು ಕಿ.ಮೀ. ಬಾಳುವುದಿಲ್ಲ. ಹೊಸದಕ್ಕೆ ಆಕಾರ ಬರುವಷ್ಟೇ ಗಾಳಿ ತುಂಬಿ, ವಾಲ್ವ್ ಮೊದಲು ಕೂರಿಸಿ, ಎದುರು ಬದಿಯಿಂದ ಟೈರ್ ಒಳಗೆ ಹಾಕುತ್ತ ಬಂದು ವಾಲ್ವ್ ಹತ್ತಿರ ಮುಗಿಸಿ. ಕೊನೆಯ ಕಚ್ಚಿಗೆ ಮುನ್ನ ವಾಲ್ವನ್ನು ಒಳಕ್ಕೆ ಒತ್ತಿ, ಇಲ್ಲವಾದರೆ ಟ್ಯೂಬ್ ಲಿವರ್‌ಗೆ ಸಿಕ್ಕಿ ಅಲ್ಲೇ ಹರಿಯುತ್ತದೆ. 40 ಪಿಎಸ್‌ಐವರೆಗೆ ಗಾಳಿ ಹೊಡೆದು ಅಂಚಿನ ಗೆರೆ ಸುತ್ತಲೂ ಸಮನಾಗಿ ಕಂಡ ಮೇಲೆ ಮಾಮೂಲಿ ಒತ್ತಡಕ್ಕೆ ಇಳಿಸಿ. ಚಕ್ರ ಹಾಕಿದ ಮೇಲೆ ಮುಂದಿನ ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಒತ್ತದೆ ಹೊರಟರೆ ಮೊದಲ ಬ್ರೇಕ್ ಸಿಗುವುದೇ ಇಲ್ಲ.

ಟ್ಯೂಬ್‌ಲೆಸ್ ಕಡ್ಡಿ ಚಕ್ರ ಸಿಗುವ ಮಾಡೆಲ್ ಆದರೆ ಮುಂದಿನ ಬೈಕಿಗೆ ಅದನ್ನೇ ಆರಿಸಿ, ಹೆಚ್ಚಿನ ಬೆಲೆ ಸಾರ್ಥಕ. ಹತ್ತು ನಿಮಿಷದಲ್ಲಿ, ಚಕ್ರ ಬಿಚ್ಚದೆ ಕೆಲಸ ಮುಗಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮನೆ ಹತ್ತಿರದ ಹಳ್ಳ ದಾಟುವಾಗ ನಡುವೆ ಎಂಜಿನ್ ನಿಂತಿತು. ಸೆಲ್ಫ್ ಒತ್ತುತ್ತಲೇ ಇದ್ದೆ, ಸ್ಟಾರ್ಟ್ ಆಗಲಿಲ್ಲ. ಆಮೇಲೆ ‘ಕನೆಕ್ಟಿಂಗ್ ರಾಡ್ ಬಾಗಿದೆ’ ಅಂದರು. ಬರೀ ನೀರಿನಿಂದ ರಾಡ್ ಬಾಗುತ್ತದೆಯೇ?
– ಓದುಗರು, ಕೊಪ್ಪ

ಉತ್ತರ: ಬಾಗುತ್ತದೆ. ಗಾಳಿಯನ್ನು ಪಿಸ್ಟನ್ ಹಿಂಡಬಹುದು, ನೀರನ್ನು ಹಿಂಡಲಾಗದು. ಏರ್ ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ಮೂಲಕ ನೀರು ಸಿಲಿಂಡರ್ ಸೇರಿದಾಗ ಮೇಲೆ ಬರುವ ಪಿಸ್ಟನ್ ಅದಕ್ಕೆ ಡಿಕ್ಕಿ ಹೊಡೆಯುತ್ತದೆ, ಆ ಬಲವೆಲ್ಲ ಪಿಸ್ಟನ್‌ಗೆ ಜೋಡಿಸಿರುವ ರಾಡ್ ಮೇಲೆ ಬೀಳುತ್ತದೆ. ಓಡುತ್ತಿರುವ ಎಂಜಿನ್ ನೀರು ಕುಡಿದರೆ ಒಂದೇ ಏಟಿಗೆ ರಾಡ್ ಹೋಗಬಹುದು. ಹಾಗೆ ಆಗದೆ ಬರೀ ನಿಂತಿದ್ದರೆ, ಮತ್ತೆ ಮತ್ತೆ ಸೆಲ್ಫ್ ಒತ್ತಿ ಉಳಿದ ಹಾನಿಯನ್ನು ನಾವೇ ಮಾಡುತ್ತೇವೆ.

ನೀರಲ್ಲಿ ನಿಂತರೆ ಸೆಲ್ಫ್ ಮುಟ್ಟಬೇಡಿ. ಕಿಲ್ ಸ್ವಿಚ್ ಒತ್ತಿ ನ್ಯೂಟ್ರಲ್ ಮಾಡಿ ದಡಕ್ಕೆ ತಳ್ಳಿ. ಏರ್ ಬಾಕ್ಸ್ ತೆರೆದು ಫಿಲ್ಟರ್ ನೋಡಿ. ಒಣಗಿದ್ದರೆ ಅದೃಷ್ಟ, ಸಮಸ್ಯೆ ಬಹುಶಃ ವೈರಿಂಗ್ ಅಥವಾ ಪ್ಲಗ್ ಕ್ಯಾಪ್ ಒದ್ದೆಯದ್ದು. ಫಿಲ್ಟರ್ ಒದ್ದೆ ಇದ್ದರೆ ಏರ್ ಬಾಕ್ಸ್ ಕೆಳಗಿನ ಸಣ್ಣ ಪೈಪಿನ ಬಿರಡೆ ಬಿಚ್ಚಿ ನೀರು ಬಸಿಯಿರಿ, ಸ್ಪಾರ್ಕ್ ಪ್ಲಗ್ ಬಿಚ್ಚಿ. ಫ್ಯುಯಲ್ ಪಂಪ್ ಫ್ಯೂಸ್ ತೆಗೆದಿಟ್ಟು, ಪ್ಲಗ್ ತೂತಿನಿಂದ ಮುಖ ದೂರ ಇಟ್ಟುಕೊಂಡು ಮೂರ್ನಾಲ್ಕು ಸೆಕೆಂಡು ಸೆಲ್ಫ್ ಒತ್ತಿ; ನೀರು ಚಿಮ್ಮುತ್ತದೆ. ನೀರು ಬರುವುದು ನಿಂತ ಮೇಲೆ ಪ್ಲಗ್ ಒರೆಸಿ ಹಾಕಿ. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಗಾಜು ನೋಡಿ: ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಓಡಿಸಲೇಬೇಡಿ, ಗಾಡಿಯಲ್ಲಿ ಹಾಕಿಸಿ ಒಯ್ಯಿರಿ. ಆಯಿಲ್, ಫಿಲ್ಟರ್ ಬದಲಿಸಿ ಹತ್ತು ನಿಮಿಷ ಓಡಿಸಿ, ಮತ್ತೊಮ್ಮೆ ಆಯಿಲ್ ಬದಲಿಸಬೇಕು. ಮೊದಲ ಸಲಕ್ಕೆ ಎಲ್ಲ ನೀರೂ ಹೊರಬರುವುದಿಲ್ಲ.

ಒಂಟಿ ಸಿಲಿಂಡರ್ ಬೈಕಿನ ಒಂದು ಲಾಭ ಇಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಒಂದೇ ಪ್ಲಗ್, ಕೈಗೆ ಎಟುಕುವ ಸಾಧ್ಯತೆ ಹೆಚ್ಚು. ಎರಡು ಸಿಲಿಂಡರ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಟ್ಯಾಂಕ್ ಎತ್ತದೆ ಪ್ಲಗ್ ಸಿಗುವುದಿಲ್ಲ, ಹಳ್ಳದ ದಡದಲ್ಲಿ ಅದು ಆಗುವ ಕೆಲಸವಲ್ಲ.

ದಾಟುವ ಮೊದಲು ಒಮ್ಮೆ ನಡೆದು ನೋಡಿ. ನಿಂತ ನೀರು ಆಕ್ಸಲ್ ಮಟ್ಟ ದಾಟಿದ್ದರೆ, ಹರಿಯುವ ನೀರು ನಡೆಯುವಾಗಲೇ ಕಾಲು ಎಳೆಯುತ್ತಿದ್ದರೆ ವಾಪಸ್ ಹೋಗಿ. ಫಸ್ಟ್ ಗೇರ್, ಒಂದೇ ಹದದ ಥ್ರಾಟಲ್, ಕಣ್ಣು ಆಚೆ ದಡದ ಮೇಲೆ.

ಪ್ರಶ್ನೆ: ಚೈನ್ ಸ್ಪ್ರಾಕೆಟ್ 12,000 ಕಿ.ಮೀ.ಗೇ ಸವೆಯಿತು. 20,000 ದಾಟಬೇಕಿತ್ತು ಅನ್ನುತ್ತಾರೆ. ವಾರಕ್ಕೊಮ್ಮೆ ಪೆಟ್ರೋಲ್ ಹಾಕಿ ತೊಳೆದು ಆಯಿಲ್ ಬಿಡುತ್ತಿದ್ದೆ, ಸಡಿಲ ಆಗದಂತೆ ಬಿಗಿ ಮಾಡಿಸುತ್ತಿದ್ದೆ.
– ಓದುಗರು, ಆಲ್ದೂರು

ಉತ್ತರ: ಎರಡು ಕಾರಣ ನಿಮ್ಮ ಪತ್ರದಲ್ಲೇ ಇವೆ, ಪೆಟ್ರೋಲ್ ಮತ್ತು ಬಿಗಿ. ಚೈನಿನ ಕೊಂಡಿಗಳ ನಡುವೆ ರಬ್ಬರ್ ಬಳೆಗಳಿವೆ, ಒಳಗಿನ ಗ್ರೀಸ್ ಹಿಡಿದಿಡುವುದು ಅವೇ. ಪೆಟ್ರೋಲ್ ಅವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಗ್ರೀಸ್ ಹೊರಗೆ, ಕೆಂಪು ಮಣ್ಣಿನ ಕೆಸರು ಒಳಗೆ. ಅದು ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆಯ ಬ್ರಷ್ ಬಳಸಿ; ತಂತಿ ಬ್ರಷ್ ಬೇಡ. ಒರೆಸಿ, ಕೆಳಗಿನ ಸಾಲಿನ ಒಳಮುಖಕ್ಕೆ 90 ನಂಬರ್ ಗೇರ್ ಆಯಿಲ್ ಹನಿ ಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ತೆಗೆಯಿರಿ. ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ 200–300ಕ್ಕೊಮ್ಮೆ. ಬೈಕ್ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ.

ಬಿಗಿಯ ವಿಷಯ ಅಡ್ವೆಂಚರ್ ಬೈಕಿನಲ್ಲಿ ಇನ್ನೂ ಮುಖ್ಯ. ಹಿಂದಿನ ಚಕ್ರ ಸುಮಾರು 200 ಮಿ.ಮೀ. ಮೇಲೆ ಕೆಳಗೆ ಆಡುವ ಬೈಕ್ ಇದು. ಚಕ್ರ ಮೇಲೇರುತ್ತ ಗೇರ್‌ಬಾಕ್ಸ್ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ತಿರುಗುವ ಬಿಂದು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಸ್ಟ್ಯಾಂಡ್ ಮೇಲೆ ‘ಸರಿಯಾಗಿದೆ’ ಅನ್ನಿಸಿದ ಚೈನ್ ಆ ಹೊತ್ತಿಗೆ ತಂತಿಯ ಹಾಗೆ ಎಳೆದು, ಗೇರ್‌ಬಾಕ್ಸ್ ಹೊರಶಾಫ್ಟಿನ ಬೇರಿಂಗನ್ನೇ ತಿನ್ನುತ್ತದೆ. 125 ಸಿಸಿ ಬೈಕಿಗೆ ರೂಢಿಯಾದ ಮೆಕ್ಯಾನಿಕ್ ಕೈ ಅಭ್ಯಾಸದಿಂದ ಬಿಗಿ ಮಾಡಿಬಿಡುತ್ತಾರೆ. ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್‌ನಲ್ಲಿರುವ ಅಳತೆಯನ್ನು ಸ್ಕೇಲ್ ಇಟ್ಟು ನೋಡಿ. ಚಕ್ರ ತಿರುಗಿಸುತ್ತ ನಾಲ್ಕು ಕಡೆ ಅಳೆದು, ಅತಿ ಬಿಗಿ ಇರುವ ಜಾಗದಲ್ಲಿ ಆ ಅಳತೆ ಇರುವಂತೆ ಮಾಡಿ.

ಸವೆದಿದೆಯೇ ಎಂದು ತಿಳಿಯಲು ಹಿಂದಿನ ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಚೈನ್ ಹಿಡಿದು ಎಳೆಯಿರಿ. ಅರ್ಧ ಹಲ್ಲು ಕಂಡರೆ ಮುಗಿಯಿತು. ಆಗ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ.

ಪ್ರಶ್ನೆ: ಕೆಸರಿನ ಇಳಿಜಾರಿನಲ್ಲಿ ಎಬಿಎಸ್ ಆಫ್ ಮಾಡಬೇಕೇ? ಟೈರಿನ ಗಾಳಿ ಎಷ್ಟಿರಬೇಕು?
– ಓದುಗರು, ಕಳಸ

ಉತ್ತರ: ಹಿಂದಿನದ್ದು ಮಾತ್ರ ಆಫ್. ಜಲ್ಲಿ, ಸಡಿಲ ಮಣ್ಣಿನಲ್ಲಿ ಲಾಕ್ ಆದ ಹಿಂದಿನ ಚಕ್ರ ನೆಲ ಅಗೆದು ವೇಗ ತಗ್ಗಿಸುತ್ತದೆ; ಎಬಿಎಸ್ ಅದನ್ನು ಪದೇ ಪದೇ ಬಿಡಿಸುವುದರಿಂದ ಬೈಕ್ ನಿಲ್ಲದೆ ಹೋಗುತ್ತಲೇ ಇರುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಮಾತ್ರ ಅರೆಕ್ಷಣದಲ್ಲಿ ಬಿದ್ದಿರುತ್ತೀರಿ, ಹಾಗಾಗಿ ಅಲ್ಲಿ ಎಬಿಎಸ್ ಇರಲೇಬೇಕು. ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ನೇ ಹಿಡಿಯಲಿ. ಬಹಳಷ್ಟು ಬೈಕ್‌ಗಳಲ್ಲಿ ಕೀ ತೆಗೆದು ಹಾಕಿದರೆ ಎಬಿಎಸ್ ತಾನಾಗಿ ಮತ್ತೆ ಆನ್ ಆಗುತ್ತದೆ. ದಾರಿ ಮಧ್ಯೆ ಫೋಟೋಗೆ ನಿಂತು ಹೊರಟವರು ಮೀಟರಿನ ದೀಪ ನೋಡಿಕೊಂಡೇ ಇಳಿಯಿರಿ. ಡಾಂಬರಿಗೆ ಬಂದ ಕೂಡಲೇ ಆನ್ ಮಾಡಿ. ಒದ್ದೆ ಡಾಂಬರಿನ ಮೇಲೆ ಸಿಲ್ವರ್ ಓಕ್ ಎಲೆ ಬಿದ್ದಿರುವ ತಿರುವಿನಲ್ಲಿ ಅದು ಜೀವ ಉಳಿಸುತ್ತದೆ.

ಗಾಳಿ: ಕಂಪನಿ ಹೇಳಿದ್ದಕ್ಕಿಂತ 4–6 ಪಿಎಸ್‌ಐ ಕಡಿಮೆ, ಅದೂ ಕಚ್ಚಾ ದಾರಿ ಕೆಲವು ಕಿ.ಮೀ. ಇದ್ದು ವೇಗ 40ರೊಳಗಿದ್ದರೆ ಮಾತ್ರ. ಟ್ಯೂಬ್ ಇರುವ ಚಕ್ರದಲ್ಲಿ 20ಕ್ಕಿಂತ ಕೆಳಗೆ ಬೇಡ: ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್‌ಗೂ ಟೈರಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ, ಟೈರ್ ಜಾರಿ ವಾಲ್ವ್ ಕಿತ್ತುಬರುತ್ತದೆ.

ಪ್ರಶ್ನೆ: ಮನೆಯವರನ್ನು ಕೂರಿಸಿಕೊಂಡು, ಬಾಕ್ಸ್ ಹಾಕಿಕೊಂಡು ಹೋದಾಗ 80 ದಾಟಿದರೆ ಹ್ಯಾಂಡಲ್ ತೇಲುತ್ತದೆ. ಬೈಕ್ ದೋಷವೇ?
– ಓದುಗರು, ಬೇಲೂರು

ಉತ್ತರ: ಭಾರ ಹಿಂದಕ್ಕೆ, ಮೇಲಕ್ಕೆ ಹೋಗಿದೆ. ಹಿಂದಿನ ಟಾಪ್ ಬಾಕ್ಸ್‌ನಲ್ಲಿ ಐದು ಕೆಜಿಗಿಂತ ಹೆಚ್ಚು ಇಡಬೇಡಿ, ಭಾರದ ಸಾಮಾನು ಪಕ್ಕದ ಚೀಲಗಳ ತಳದಲ್ಲಿ, ಎರಡು ಬದಿಗೂ ಸಮನಾಗಿ, ಆದಷ್ಟು ಮುಂದಕ್ಕೆ ಇರಲಿ. ಆಮೇಲೆ ಹಿಂದಿನ ಶಾಕ್ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಏರಿಸಿ. ಅಳತೆ ಹೀಗೆ: ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯಿರಿ, ಇಬ್ಬರೂ ಕೂತು ಮತ್ತೆ ಅಳೆಯಿಸಿ. ವ್ಯತ್ಯಾಸ ಒಟ್ಟು ಚಲನೆಯ ಮೂರನೇ ಒಂದು ಭಾಗದೊಳಗೆ ಇರಬೇಕು, 200 ಮಿ.ಮೀ.ಗೆ 60–65. ತೊಂಬತ್ತು, ನೂರು ಕುಸಿದಿದ್ದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲುವುದು ಸಹಜ. ರಾತ್ರಿ ಎದುರಿನವರು ಲೈಟ್ ಮಿನುಗಿಸಿ ಬೈಯುತ್ತಿದ್ದರೆ ಅದೂ ಇದೇ ಕುಸಿತದ ಲಕ್ಷಣ. ಇಷ್ಟಾದರೂ ನಿಲ್ಲದಿದ್ದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ತೋರಿಸಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಅಡ್ವೆಂಚರ್ ಬೈಕ್ ನೋಡುವಾಗ ಮಾಮೂಲಿ ಬೈಕ್‌ಗಿಂತ ಹೆಚ್ಚಾಗಿ ಏನು ಗಮನಿಸಬೇಕು?
– ಓದುಗರು, ಅರಸೀಕೆರೆ

ಉತ್ತರ: ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ಬೆರಳ ತುದಿಯಲ್ಲಿ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಸಣ್ಣ ಗುಂಡಿಗೆ ಬಿದ್ದ ಹಾಗೆ ನಿಂತರೆ ಕೋನ್ ಸೆಟ್ ಹೋಗಿದೆ. ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ: ಟಣ್ ಅಂದರೆ ಸರಿ, ಮಂಕಾಗಿ ಸದ್ದು ಮಾಡಿದ್ದು ಸಡಿಲ. ಚಕ್ರ ತಿರುಗಿಸಿ ರಿಮ್ ಬಾಗಿದೆಯೇ ನೋಡಿ. ಹಿಂದಿನ ಚಕ್ರ ಎತ್ತಿಸಿ ಸ್ವಿಂಗ್ ಆರ್ಮನ್ನು ಅಡ್ಡಡ್ಡ ಅಲ್ಲಾಡಿಸಿ, ಕಿಂಚಿತ್ತೂ ಆಟ ಇರಬಾರದು. ಎಂಜಿನ್ ಕೆಳಗಿನ ಗಾರ್ಡ್ ತಗ್ಗಾಗಿದ್ದರೆ ಹೆದರಬೇಡಿ, ಅದಿರುವುದೇ ಅದಕ್ಕೆ. ಬಿಚ್ಚಿಸಿ ಅದರ ಹಿಂದೆ ಎಂಜಿನ್ ಕವಚಕ್ಕೆ ಏಟು ಬಿದ್ದಿದೆಯೇ ನೋಡಿ. ನಮ್ಮ ಅನುಭವದ ಮಾತು ಹೇಳುವುದಾದರೆ, ಹೆಚ್ಚು ತಲೆನೋವು ಕೊಡುವುದು ಹೊರಗಿನಿಂದ ಹಾಕಿಸಿದ ಫಾಗ್ ಲೈಟಿನ ವೈರಿಂಗ್. ರಿಲೇ, ಫ್ಯೂಸ್ ಇಲ್ಲದೆ ವೈರ್ ಸುಲಿದು ಟೇಪ್ ಸುತ್ತಿದ್ದರೆ ಬೆಲೆ ಇಳಿಸಿ ಕೇಳಿ, ಅಥವಾ ಬಿಡಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಅಂತ ಮೊದಲೇ ಹೇಳಿಡಿ. ಕಾಗದಪತ್ರದಲ್ಲಿ ಫಾರ್ಮ್ 29, 30. ಸಾಲ ಇದ್ದಿದ್ದರೆ ಬ್ಯಾಂಕಿನ ಫಾರ್ಮ್ 35.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಪ್ರೆಶರ್ ವಾಟರ್ ಸರ್ವೀಸ್ ಮಾಡಿಸಬಹುದೇ?
– ಓದುಗರು, ಆಲೂರು

ಉತ್ತರ: ರೇಡಿಯೇಟರ್, ಚಕ್ರದ ಬೇರಿಂಗ್, ಕೋನ್ ಸೆಟ್, ಚೈನ್ ಈ ನಾಲ್ಕಕ್ಕೆ ನೇರ ಹೊಡೆಸಬೇಡಿ. ರೇಡಿಯೇಟರಿನ ತೆಳು ರೆಕ್ಕೆಗಳು ಬಾಗಿದರೆ ಗಾಳಿ ಹಾಯುವುದಿಲ್ಲ, ಚಾರ್ಮಾಡಿ ಹತ್ತುವಾಗ ಫ್ಯಾನ್ ನಿಲ್ಲುವುದೇ ಇಲ್ಲ. ಮನೆಯ ಪೈಪಿನ ನೀರು ಬಿಟ್ಟು ಕೆಸರು ನೆನೆಸಿ, ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಹಾಯಿಸಿ.

ಪ್ರಶ್ನೆ: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹುಲ್ಲುಗಾವಲಿನಲ್ಲಿ ಬೈಕ್ ಹತ್ತಿಸುವ ವಿಡಿಯೋ ನೋಡಿದೆ. ಅಂಥ ಆಫ್‌ರೋಡ್ ಜಾಗ ಯಾವುವು ತಿಳಿಸಿ.
– ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ತಿಳಿಸುವುದಿಲ್ಲ. ಅರಣ್ಯ ಭೂಮಿಯಲ್ಲಿ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ, ಅಭಯಾರಣ್ಯ ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನು ಇಲ್ಲದಿದ್ದರೂ ಬೇಡವೆನ್ನುತ್ತಿದ್ದೆವು. ಆ ಹುಲ್ಲಿನ ಬೇರು ಮಳೆನೀರನ್ನು ಹಿಡಿದಿಟ್ಟು ಸೋಸಿ ಬಿಡುತ್ತದೆ. ವೇದಾವತಿಗೂ ಯಗಚಿಗೂ ನೀರು ಹುಟ್ಟುವುದು ಈ ಚಂದ್ರದ್ರೋಣ ಸಾಲಿನಲ್ಲೇ. ದಪ್ಪ ಹಲ್ಲಿನ ಆಫ್‌ರೋಡ್ ಟೈರ್ ಒಂದು ಸಲ ಹುಲ್ಲಿನ ಹೊದಿಕೆ ಕಿತ್ತರೆ ಮುಂದಿನ ಮಳೆಗೆ ಅದು ಚರಂಡಿ, ಅದರ ಮರುವರ್ಷ ಕೊರಕಲು.

ಕಲಿಯುವ ಆಸೆ ಒಳ್ಳೆಯದೇ. ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ಕಾರ್ ರ‍್ಯಾಲಿಗಳು ನಡೆದ ಇತಿಹಾಸವೇ ಇದೆ, ಅವೆಲ್ಲ ಮಾಲೀಕರ ಒಪ್ಪಿಗೆಯಿಂದ ಖಾಸಗಿ ಜಾಗದಲ್ಲಿ ಆದಂಥವು. ಗೊತ್ತಿರುವವರ ತೋಟದಲ್ಲಿ ಕೇಳಿ, ಕೊಯ್ಲಿಲ್ಲದ ತಿಂಗಳಲ್ಲಿ, ಇನ್ನೂರು ಮೀಟರ್ ಮಣ್ಣುರಸ್ತೆ ಸಾಕು. ನಿಂತು ಓಡಿಸುವುದು, ಕ್ಲಚ್ ಅರ್ಧ ಹಿಡಿದು ನಡಿಗೆಯ ವೇಗದಲ್ಲಿ ಎಂಟರ ಆಕಾರ ಹಾಕುವುದು, ಹಿಂದಿನ ಚಕ್ರ ಲಾಕ್ ಮಾಡಿ ನಿಲ್ಲಿಸುವುದು – ಈ ಮೂರನ್ನು ತಲಾ ಇಪ್ಪತ್ತು ಸಲ ಮಾಡಿ. ಮೊಣಕಾಲಿಗೆ, ಮೊಣಕೈಗೆ ಗಾರ್ಡ್, ಪಾದದ ಗಂಟು ಮುಚ್ಚುವ ಬೂಟು ಹಾಕಿಕೊಂಡು, ಜೊತೆಗೆ ಇನ್ನೊಬ್ಬರು ಇರುವಾಗ ಮಾತ್ರ.